ಕಣ್ಣಿದ್ದವರು, ಕಾಲಿದ್ದವರು, ಕಾರಿದ್ದವರು

‘ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು’ ಎಂಬ ಗಾದೆಯನ್ನು ನಮ್ಮ ಸೀಮೆಯಲ್ಲಿ ಕೇಳದವರು ಯಾರು? ಹಂಪಿ ಹರಡಿಕೊಂಡ ಊರು, ನಡೆಯುವ ಶಕ್ತಿ ಬೇಕು. ಕನಕಾಚಲಪತಿಯ ಗುಡಿ ಒಂದೇ ಕಡೆ ನಿಂತಿದೆ, ಅದರ ಕೆತ್ತನೆಯನ್ನು ಓದಬಲ್ಲ ಕಣ್ಣು ಬೇಕು. ಗಾದೆ ಕಟ್ಟಿದವರು ನೋಡುವವನಿಂದ ಬಯಸಿದ್ದು ದೇವರು ಕೊಟ್ಟ ಅಂಗಗಳನ್ನು ಮಾತ್ರ. ಇಂದು ಅವರು ಬದುಕಿದ್ದರೆ ಮೂರನೆಯ ತುಂಡೊಂದನ್ನು ಸೇರಿಸಬೇಕಾಗುತ್ತಿತ್ತು: ‘ಇವೆರಡನ್ನೂ ಕಾರಿದ್ದವರು ನೋಡಬೇಕು.’ ನಮ್ಮ ಜಿಲ್ಲೆಯಲ್ಲಿ ನಮ್ಮದೇ ಪೂರ್ವಿಕರು ಕಟ್ಟಿದ್ದನ್ನು ನೋಡುವುದು ವಾಹನವಿದ್ದವರ ಸೊತ್ತಾಗುತ್ತಿದೆ ಎಂಬುದೇ ಈ ಲೇಖನದ ಆಪಾದನೆ. ಇದನ್ನು ಅನಾನುಕೂಲವೆಂದು ಕರೆಯುವವರಿದ್ದಾರೆ. ನಾನು ಅನ್ಯಾಯವೆಂದು ಕರೆಯುತ್ತೇನೆ.

ಪ್ರಸಂಗ ಇಷ್ಟೇ. ಕಳೆದ ಮಾಘದ ಒಂದು ರವಿವಾರ ನಾನು, ನನ್ನ ಮನೆಯವರು ಮತ್ತು ಪುಣೆಯಿಂದ ಮದುವೆಗೆಂದು ಬಂದಿದ್ದ ಮೊಮ್ಮಗ ಮೂವರೂ ಇಟಗಿಗೆ ಹೋಗಿಬಂದೆವು. ಹೋಗಿಬಂದ ಪರಿ ಊರಿಗೆಲ್ಲ ತಿಳಿದು, ಮುಂದಿನ ಎರಡು ದಿನಗಳಲ್ಲಿ ಹನ್ನೊಂದು ಮಂದಿ ದೂರವಾಣಿ ಮಾಡಿದರು. ಏಳು ಮಂದಿ ಹಳೆಯ ವಿದ್ಯಾರ್ಥಿಗಳು, ನಾಲ್ವರು ಬಂಧುಗಳು. ಎಲ್ಲರದೂ ಒಂದೇ ಮಾತು: ‘ಒಂದು ಮಾತು ಹೇಳಿದ್ರ ಗಾಡಿ ಕಳಿಸ್ತಿದ್ದೆವಲ್ರಿ ಸರ, ಈ ವಯಸ್ಸಿನಾಗ ಬಸ್ಸಿನ ಉಸಾಬರಿ ಯಾಕ?’ ಈ ವಾತ್ಸಲ್ಯಕ್ಕೆ ನಾನು ಋಣಿ. ಆದರೆ ಪ್ರಿಯರೇ, ನಿಮ್ಮ ಪ್ರೀತಿಯನ್ನು ಸ್ವೀಕರಿಸಿ ನಿಮ್ಮ ವಾದವನ್ನು ಹಿಂದಿರುಗಿಸುತ್ತಿದ್ದೇನೆ. ಏಕೆಂದರೆ ನೀವು ಪರಿಹಾರವೆಂದು ಭಾವಿಸಿ ಮುಂದಿಟ್ಟ ಆ ಗಾಡಿಯೇ ರೋಗದ ಅರ್ಧ ಭಾಗ.

ಮೊದಲು ಆ ದಿನದ ವರದಿಯನ್ನು ಒಪ್ಪಿಸುತ್ತೇನೆ. ಯಾವ ಊರಿನ ನಿಲ್ದಾಣ, ಯಾರ ಬಸ್ಸು ಎಂಬುದನ್ನು ಹೇಳುವುದಿಲ್ಲ. ಯಾರನ್ನೋ ಹೆಸರು ಹಿಡಿದು ಬಯ್ದು ಹಗುರಾಗುವುದು ನನ್ನ ಉದ್ದೇಶವಲ್ಲ. ಫಲಕದ ಮೇಲೆ ಎಂಟು ಗಂಟೆಯ ಬಸ್ಸು ಎಂದು ಬಣ್ಣದಲ್ಲಿ ಬರೆದಿತ್ತು. ನಾವು ಏಳೂವರೆಗೇ ಹೋಗಿ ಕುಳಿತೆವು. ಒಂಬತ್ತು ಇಪ್ಪತ್ತಕ್ಕೆ ವಿಚಾರಿಸಿದಾಗ ‘ಅದು ರವಿವಾರ ಇರಂಗಿಲ್ರಿ’ ಎಂಬ ಉತ್ತರ ಬಂತು. ರವಿವಾರ ಏಕಿಲ್ಲವೆಂದರೆ ‘ಸಾಲಿ ಹುಡುಗರು ಇರಂಗಿಲ್ಲಲ್ರಿ, ಕಲೆಕ್ಷನ್ ಆಗಂಗಿಲ್ಲ’ ಎಂದರು. ಅಂದರೆ ದುಡಿಯುವ ಮನುಷ್ಯನು ಮಕ್ಕಳೊಡನೆ ಗುಡಿ ನೋಡಲು ಬಿಡುವಾಗುವ ಒಂದೇ ಒಂದು ದಿನ ಯಾವುದೋ, ಅದೇ ದಿನ ಗುಡಿಯ ಕಡೆಗೆ ಬಸ್ಸಿಲ್ಲ.

ಹತ್ತೂ ಕಾಲಿಗೆ ಬೇರೊಂದು ಬಸ್ಸು ಸಿಕ್ಕಿತು. ಅದು ದಾರಿಯ ನಡುವೆ ಕ್ಲಚ್ಚು ಕೈಕೊಟ್ಟು ನಿಂತಿತು. ಕಂಡಕ್ಟರನು ಸಜ್ಜನ. ನಮ್ಮ ಟಿಕೇಟುಗಳ ಹಿಂದೆ ಒಕ್ಕಣೆ ಬರೆದುಕೊಟ್ಟು, ಮುಂದಿನ ಬಸ್ಸಿಗೆ ಕೈಮಾಡಿ ನಮ್ಮನ್ನು ಹತ್ತಿಸಿಯೇ ತೀರುತ್ತೇನೆಂದು ಬಿಸಿಲಲ್ಲಿ ಮುಕ್ಕಾಲು ಗಂಟೆ ನಿಂತ. ಬಂದ ಬಸ್ಸಿನಲ್ಲಿ ಕಾಲಿಡಲು ಸ್ಥಳವಿರಲಿಲ್ಲ. ಅದು ನಮ್ಮನ್ನು ಕ್ರಾಸಿನಲ್ಲಿ ಇಳಿಸಿ ತನ್ನ ದಾರಿ ಹಿಡಿಯಿತು. ಅಲ್ಲಿಂದ ಟಂಟಂ. ಹಾಜರಿ ತೆಗೆದುಕೊಳ್ಳುವ ಹಳೆಯ ಚಟದಿಂದ ಎಣಿಸಿದೆ: ಚಾಲಕನನ್ನು ಬಿಟ್ಟು ಹದಿನಾಲ್ಕು ಜನ, ಎರಡು ಹಾಲಿನ ಕ್ಯಾನು, ಒಂದು ಆಡು. ಇಟಗಿ ಮುಟ್ಟಿದಾಗ ಮಧ್ಯಾಹ್ನ ಒಂದು ಗಂಟೆ ಹತ್ತು ನಿಮಿಷ. ಎರಡರ ಹೊತ್ತಿಗೆ ಹೊರಡುವ ವಾಹನ ಬಿಟ್ಟರೆ ಸಂಜೆಯ ಭರವಸೆ ಇಲ್ಲವೆಂದರು. ಬುತ್ತಿ ಬಿಚ್ಚದೆ, ರೊಟ್ಟಿ ಶೇಂಗಾ ಚಟ್ನಿಯನ್ನು ಕಟ್ಟಿದಂತೆಯೇ ಇಟ್ಟುಕೊಂಡು ಐವತ್ತು ನಿಮಿಷ ನೋಡಿದೆವು. ಎರಡರ ವಾಹನ ಬರಲಿಲ್ಲ. ಎರಡು ಕಿಲೋಮೀಟರ್ ನಡೆದು, ಆಮೇಲೆ ಮೇವು ಒಯ್ಯುತ್ತಿದ್ದ ಟ್ರ್ಯಾಕ್ಟರಿನಲ್ಲಿ ಕುಳಿತು, ಮತ್ತೆರಡು ಬಸ್ಸು ಬದಲಿಸಿ ಮನೆ ಸೇರಿದಾಗ ರಾತ್ರಿ ಎಂಟು. ಕುಕನೂರಿನ ನವಲಿಂಗ ಗುಡಿಯನ್ನು ನೋಡುವ ಯೋಜನೆ ಯೋಜನೆಯಾಗಿಯೇ ಉಳಿಯಿತು.

ಈಗ ಲೆಕ್ಕ ಮಾಡಿರಿ. ಹೋಗಿಬರುವ ದಾರಿ ಒಟ್ಟು ಎಪ್ಪತ್ತು ಕಿಲೋಮೀಟರಿಗೆ ಮೀರದು. ಹಿಡಿದ ಹೊತ್ತು ಹನ್ನೆರಡೂವರೆ ತಾಸು. ಗಂಟೆಗೆ ಆರು ಕಿಲೋಮೀಟರಿಗಿಂತ ಕಡಿಮೆ. ಚುರುಕಾಗಿ ನಡೆಯುವ ಮನುಷ್ಯನ ವೇಗ ಇದಕ್ಕೆ ಸರಿಸಮ. ಇಪ್ಪತ್ತೊಂದನೆಯ ಶತಮಾನದ ಇಪ್ಪತ್ತೈದು ವರ್ಷಗಳು ಕಳೆದ ಮೇಲೆ ನಾವು ಮತ್ತೆ ‘ಕಾಲಿದ್ದವರ’ ಕಾಲಕ್ಕೇ ಬಂದು ನಿಂತಿದ್ದೇವೆ ಎಂದರೆ ಉತ್ಪ್ರೇಕ್ಷೆಯಲ್ಲ.

ಇಷ್ಟು ಕಷ್ಟಪಟ್ಟು ನೋಡುವಂಥದ್ದು ಅಲ್ಲೇನಿದೆ ಎಂದು ಕೇಳುವವರು ನನ್ನ ವಿದ್ಯಾರ್ಥಿಗಳಲ್ಲೂ ಇರಬಹುದು. ಇಟಗಿಯ ಮಹಾದೇವ ದೇವಾಲಯವನ್ನು ೧೧೧೨ರಲ್ಲಿ ಕಟ್ಟಿಸಿದವನು ಕಲ್ಯಾಣ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ. ಶಾಸನ ಅದನ್ನು ‘ದೇವಾಲಯ ಚಕ್ರವರ್ತಿ’ ಎಂದು ಕರೆಯುತ್ತದೆ. ಚಕ್ರವರ್ತಿಯ ಬಿರುದು ಸಿಕ್ಕಿದ್ದು ಅರಸನಿಗಲ್ಲ, ಕಲ್ಲಿಗೆ. ಅಲ್ಲಿಯ ತೆರೆದ ಸಭಾಮಂಟಪದಲ್ಲಿ ಅರವತ್ತನಾಲ್ಕು ಕಂಬಗಳು. ಇಪ್ಪತ್ತನಾಲ್ಕು ನೆಲದಿಂದ ಎದ್ದ ಪೂರ್ಣ ಕಂಬಗಳು, ಉಳಿದವು ಕಕ್ಷಾಸನದ ಗೋಡೆಯ ಮೇಲೆ ನಿಂತ ಅರೆಗಂಬಗಳು. ಬಳಪದ ಕಲ್ಲಿನ ಮೇಲೆ ಉಳಿ ಆಡಿದ ಸೂಕ್ಷ್ಮವನ್ನು ಕಂಡು, ಹೆನ್ರಿ ಕಸಿನ್ಸ್ ಎಂಬ ಪುರಾತತ್ತ್ವಜ್ಞನು ಕನ್ನಡ ನಾಡಿನಲ್ಲಿ ಹಳೇಬೀಡಿನ ನಂತರ ಇದೇ ಶ್ರೇಷ್ಠವೆಂದು ಬರೆದ. ದಂಡನಾಯಕನು ಅದೇ ಆವರಣದಲ್ಲಿ ತಂದೆಯ ಹೆಸರಿನಲ್ಲೊಂದು, ತಾಯಿಯ ಹೆಸರಿನಲ್ಲೊಂದು ಗುಡಿಯನ್ನೂ ಎಬ್ಬಿಸಿದ್ದಾನೆ. ತಂದೆತಾಯಿಯರನ್ನು ನೆನೆಯುವ ಪಾಠಕ್ಕೆ ಇದಕ್ಕಿಂತ ಉತ್ತಮ ತರಗತಿ ಕೊಠಡಿಯನ್ನು ನಾನು ಕಂಡಿಲ್ಲ.

ಇಟಗಿ ಒಂದೇ ಅಲ್ಲ. ಅಲ್ಲಿಂದ ಏಳೆಂಟು ಕಿಲೋಮೀಟರಿನಲ್ಲಿ ಕುಕನೂರಿದೆ. ಅಲ್ಲಿಯ ನವಲಿಂಗ ಗುಡಿಗಳ ಸಮೂಹ ರಾಷ್ಟ್ರಕೂಟರ ಕಾಲದ್ದು, ಒಂಬತ್ತನೆಯ ಶತಮಾನದ್ದು. ಗಂಗಾವತಿಯ ಹಿರೇಬೆಣಕಲ್ಲಿನ ಗುಡ್ಡದ ಮೇಲೆ ಸುಮಾರು ನಾನೂರು ಬೃಹತ್ ಶಿಲಾ ಸಮಾಧಿಗಳಿವೆ. ಜನ ಅದನ್ನು ಮೋರ್ಯರ ಗುಡ್ಡ ಎನ್ನುತ್ತಾರೆ. ಅಶೋಕನಿಗಿಂತಲೂ ಹಳೆಯದಾದ ಆ ನೆಲೆ ೨೦೨೧ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿತು. ಕಿನ್ನಾಳದ ಗೊಂಬೆಗಳು, ಆನೆಗೊಂದಿ, ನವಬೃಂದಾವನ, ಪಂಪಾಸರೋವರ, ಕೊಪ್ಪಳದ ಕೋಟೆ, ಬಹದ್ದೂರಬಂಡಿಯ ಕೋಟೆ, ಇವುಗಳ ಹೆಸರನ್ನು ಹೇಳಿ ಮುಂದೆ ಸಾಗುತ್ತೇನೆ. ಕವಿರಾಜಮಾರ್ಗವು ತಿರುಳ್ಗನ್ನಡದ ನೆಲವನ್ನು ಗುರುತಿಸುವಾಗ ಹೇಳಿದ ನಾಲ್ಕು ಊರುಗಳಲ್ಲಿ ಕೊಪಣ ಒಂದು ಎಂಬುದನ್ನು ನಿಮಗೆ ಹಿಂದೆಯೇ ಬರೆಸಿದ್ದೇನೆ.

ಆದರೆ ಒಂದರ ಮೇಲೆ ಸ್ವಲ್ಪ ನಿಲ್ಲಬೇಕು. ಕೊಪ್ಪಳದ ಗವಿಮಠದ ಬಳಿ ಮತ್ತು ಪಾಲ್ಕಿಗುಂಡಿನ ಮೇಲೆ ಅಶೋಕನ ಎರಡು ಕಿರುಶಿಲಾಶಾಸನಗಳಿವೆ. ವಿದ್ವಾಂಸರ ಗಮನಕ್ಕೆ ಬಂದದ್ದು ೧೯೩೧ರಲ್ಲಿ. ಅವುಗಳ ತಾತ್ಪರ್ಯ ನೆನಪಿದೆಯೇ? ಸಾಧನೆಯ ಫಲ ದೊಡ್ಡವರಿಗಷ್ಟೇ ಮೀಸಲಲ್ಲ, ಪ್ರಯತ್ನಪಟ್ಟರೆ ಸಣ್ಣವರಿಗೂ ದೊರೆಯುತ್ತದೆ, ಈ ಮಾತು ಗಡಿಯಂಚಿನ ಜನರಿಗೂ ತಿಳಿಯಲಿ ಎಂಬುದು. ಎರಡು ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಒಬ್ಬ ಅರಸನು ಸಣ್ಣವರನ್ನು ನೆನೆದು ನಮ್ಮ ಬಂಡೆಯ ಮೇಲೆ ಕೆತ್ತಿಸಿದ. ಇಂದು ನಾವು ‘ಪ್ರವಾಸೋದ್ಯಮ ಅಭಿವೃದ್ಧಿ’ ಎಂದಾಗ ಆ ಸಣ್ಣವರು ನಮ್ಮ ಲೆಕ್ಕದಲ್ಲಿ ಎಲ್ಲಿದ್ದಾರೆ?

ಎಲ್ಲಿಯೂ ಇಲ್ಲ. ಅಭಿವೃದ್ಧಿ ಎಂಬ ಶಬ್ದಕ್ಕೆ ನಮ್ಮಲ್ಲಿ ಅರ್ಥವಾಗುವುದು ಸ್ವಾಗತ ಕಮಾನು, ವಾಹನ ನಿಲುಗಡೆಯ ಅಂಗಳ, ಕಾಂಕ್ರೀಟಿನ ಮೆಟ್ಟಿಲು, ಉತ್ಸವದ ವೇದಿಕೆ. ೨೦೨೨–೨೩ರ ರಾಜ್ಯ ಬಜೆಟ್ಟಿನಲ್ಲಿ ಅಂಜನಾದ್ರಿಗೆ ನೂರು ಕೋಟಿ ರೂಪಾಯಿ ಘೋಷಣೆಯಾಯಿತು. ಭಕ್ತರಿಗೆ ಸೌಕರ್ಯವಾಗುವುದನ್ನು ನಾನು ವಿರೋಧಿಸುವವನಲ್ಲ. ಬೆಟ್ಟದ ಐನೂರ ಎಪ್ಪತ್ತೈದು ಮೆಟ್ಟಿಲುಗಳನ್ನು ಮುದುಕರು ಹೇಗೆ ಹತ್ತಬೇಕೆಂಬ ಚಿಂತೆಯಿಂದ ರೋಪ್‌ವೇ ಬೇಕೆನ್ನುವ ಮಾತೂ ಬಹಳ ದಿನಗಳಿಂದಿದೆ. ಒಳ್ಳೆಯದೇ. ಆದರೆ ಆ ಮುದುಕರು ಬೆಟ್ಟದ ಬುಡಕ್ಕೆ ಹೇಗೆ ಬರಬೇಕೆಂಬ ಪ್ರಶ್ನೆಗೆ ಅಷ್ಟೇ ಉತ್ಸಾಹದಿಂದ ಉತ್ತರ ಹುಡುಕುವವರನ್ನು ನಾನು ಕಾಣೆ. ಮೆಟ್ಟಿಲ ಮೇಲಿನ ಕಷ್ಟ ಕಾರಿದ್ದವನಿಗೂ ತಿಳಿಯುತ್ತದೆ. ಕ್ರಾಸಿನಲ್ಲಿ ನಿಲ್ಲುವ ಕಷ್ಟ ಅವನಿಗೆ ತಿಳಿಯುವುದಿಲ್ಲ. ಆದ್ದರಿಂದ ಮೊದಲನೆಯದು ಯೋಜನೆಯಾಗುತ್ತದೆ, ಎರಡನೆಯದು ಹಣೆಬರಹವಾಗುತ್ತದೆ.

ಬಿ.ಎಡ್. ಓದುವಾಗ ನಮಗೆ ಮೊಟ್ಟಮೊದಲು ಕಲಿಸಿದ ಬೋಧನಾ ಸೂತ್ರ: ತಿಳಿದುದರಿಂದ ತಿಳಿಯದುದರ ಕಡೆಗೆ, ಹತ್ತಿರದಿಂದ ದೂರದ ಕಡೆಗೆ. ಮೂವತ್ತಕ್ಕೂ ಹೆಚ್ಚು ವರ್ಷ ಸಮಾಜ ವಿಜ್ಞಾನವನ್ನು ಬೋಧಿಸಿದ ನಾನು ಕಂಡದ್ದು ಇದಕ್ಕೆ ತದ್ವಿರುದ್ಧ. ಡಿಸೆಂಬರ್ ಬಂತೆಂದರೆ ಬಾಡಿಗೆ ಬಸ್ಸು ಮಾಡಿ, ರಾತ್ರಿಯೆಲ್ಲ ಓಡಿ, ಮಕ್ಕಳಿಗೆ ಮೈಸೂರಿನ ಅರಮನೆಯ ದೀಪವನ್ನೂ ಬೇಲೂರು ಹಳೇಬೀಡುಗಳನ್ನೂ ತೋರಿಸುತ್ತಿದ್ದೆವು. ಹಣ ಕೊಡಲಾಗದ ಮೂರನೆಯ ಒಂದು ಪಾಲು ಮಕ್ಕಳು ಊರಲ್ಲೇ ಉಳಿಯುತ್ತಿದ್ದರು. ಹೋಗಿಬಂದ ಮಕ್ಕಳಲ್ಲಿ ಎಷ್ಟು ಜನ ಇಟಗಿ ನೋಡಿದ್ದೀರಿ ಎಂದು ಕೇಳಿದರೆ ನಲವತ್ತರಲ್ಲಿ ನಾಲ್ಕು ಕೈ ಏಳುತ್ತಿದ್ದವು. ಚಾಲುಕ್ಯ ಶಿಲ್ಪದ ಮೇಲೆ ಐದು ಅಂಕದ ಪ್ರಶ್ನೆಗೆ ಉತ್ತರ ಬರೆಯುವ ಹುಡುಗ, ಆ ಶಿಲ್ಪದ ಚಕ್ರವರ್ತಿಯಿಂದ ಒಂದು ತಾಸಿನ ದೂರದಲ್ಲಿದ್ದೂ ಅದನ್ನು ನೋಡಿಲ್ಲ. ಬಾಡಿಗೆ ಬಸ್ಸು ಬೇಕಿಲ್ಲದೆ, ಸಾಧಾರಣ ಬಸ್ಸಿನಲ್ಲಿ ಬುತ್ತಿ ಕಟ್ಟಿಕೊಂಡು ಹೋಗಿ ಸಂಜೆಗೆ ಮರಳುವಂತಿದ್ದರೆ ಇಡೀ ತರಗತಿ ಹೋಗಬಹುದಿತ್ತು.

ಇನ್ನು ನೀವು ದೂರವಾಣಿಯಲ್ಲಿ ಒಡ್ಡಿದ ಆಕ್ಷೇಪಗಳಿಗೆ ಬರುತ್ತೇನೆ. ಒಂದೊಂದನ್ನೂ ನ್ಯಾಯವಾಗಿ ತೂಗುತ್ತೇನೆ.

ಮೊದಲನೆಯದು: ‘ಆ ಮಾರ್ಗ ಲುಕ್ಸಾನದ್ದು ಸರ್, ಯಾರೂ ಹತ್ತುವುದಿಲ್ಲ.’ ಇದನ್ನು ಹೇಳಿದವನು ಲೆಕ್ಕಪತ್ರ ಓದಿದ ಜಾಣ. ಒಂದು ಬಸ್ಸು ಪ್ರತಿ ಕಿಲೋಮೀಟರಿಗೆ ಎಷ್ಟು ಗಳಿಸಿತು ಎಂಬುದೇ ಅವರ ಅಳತೆಗೋಲು. ಆ ಅಂಕಿ ಇಳಿದರೆ ಸುತ್ತು ರದ್ದು. ಆದರೆ ಅಂಕಿ ಏಕೆ ಇಳಿಯಿತು? ಬಸ್ಸು ವಾರದಲ್ಲಿ ಎರಡು ದಿನ ತಪ್ಪಿದರೆ ಉಳಿದ ಐದು ದಿನವೂ ಜನ ಅದನ್ನು ನಂಬುವುದಿಲ್ಲ. ನಂಬದವರು ಸಾಲ ಮಾಡಿ ಮೋಟಾರ್ ಸೈಕಲ್ ತರುತ್ತಾರೆ, ಇಲ್ಲವೇ ಟಂಟಂ ಹತ್ತುತ್ತಾರೆ. ಗಳಿಕೆ ಇನ್ನೂ ಇಳಿಯುತ್ತದೆ, ಇನ್ನೊಂದು ಸುತ್ತು ರದ್ದಾಗುತ್ತದೆ. ಗಿಡಕ್ಕೆ ನೀರು ನಿಲ್ಲಿಸಿ, ಒಣಗಿತು ನೋಡಿ, ಇದಕ್ಕೆ ನೀರು ಹಾಕುವುದು ವ್ಯರ್ಥ ಎನ್ನುವ ವಾದ ಇದು. ಒಣಗಿದ್ದು ಕಾರಣವಲ್ಲ, ಪರಿಣಾಮ.

ಕಾನೂನನ್ನೂ ನೋಡೋಣ. ೧೯೫೦ರ ರಸ್ತೆ ಸಾರಿಗೆ ನಿಗಮಗಳ ಕಾಯಿದೆಯ ೨೨ನೆಯ ಕಲಮು ನಿಗಮವು ವ್ಯವಹಾರ ತತ್ತ್ವಗಳ ಮೇಲೆ ನಡೆಯಬೇಕೆನ್ನುತ್ತದೆ. ಲುಕ್ಸಾನದ ಮಾತಾಡುವವರೆಲ್ಲ ಅಲ್ಲಿಯೇ ಆಶ್ರಯ ಪಡೆಯುತ್ತಾರೆ. ಆದರೆ ಅದಕ್ಕೆ ನಾಲ್ಕು ಕಲಮು ಹಿಂದೆ, ೧೮ನೆಯದರಲ್ಲಿ, ನಿಗಮದ ಸಾಮಾನ್ಯ ಕರ್ತವ್ಯವನ್ನು ಹೇಳಿದೆ: ದಕ್ಷವಾದ, ಸಾಕಷ್ಟಾದ, ಮಿತವ್ಯಯದ, ಒಂದಕ್ಕೊಂದು ಹೊಂದಿಕೊಂಡ ಸಾರಿಗೆಯನ್ನು ಒದಗಿಸುವುದು. ಕರ್ತವ್ಯ ಮೊದಲು, ವ್ಯವಹಾರ ಆ ಕರ್ತವ್ಯ ನಡೆಸುವ ರೀತಿ. ಹಿಂದಿನ ಪುಟವನ್ನು ಮಡಚಿ ಮುಂದಿನ ಪುಟವನ್ನಷ್ಟೇ ಓದುವುದು ಪರೀಕ್ಷೆಯಲ್ಲಿ ಅನುತ್ತೀರ್ಣನಾಗುವ ವಿಧಾನವೆಂದು ನಿಮಗೆ ಹೇಳಿಕೊಟ್ಟಿದ್ದೆ. ಆ ಕರ್ತವ್ಯ ನಡೆಸುವುದಕ್ಕೆ ತಗಲುವ ನಷ್ಟವನ್ನು ಡಿಪೋದ ಮೇಲೆ ಹೊರಿಸುವುದೂ ಸಲ್ಲದು. ರಸ್ತೆಗೆ, ಕಮಾನಿಗೆ ಖಜಾನೆ ಹಣ ಕೊಡುತ್ತದೆ. ಬಸ್ಸಿನ ಖಾಲಿ ಸೀಟಿಗೂ ಅದೇ ಖಜಾನೆ ಕೊಡಲಿ.

ನಮ್ಮ ಸೀಮೆಗೆ ಈ ವಿಷಯದಲ್ಲಿ ಒಂದು ಪರಂಪರೆಯೂ ಇದೆ. ಕೊಪ್ಪಳ, ಯಲಬುರ್ಗಾಗಳು ಸಾಲಾರ್ ಜಂಗರ ಜಾಗೀರಿನಲ್ಲಿದ್ದು, ನಾವು ಹೈದರಾಬಾದ್ ಸಂಸ್ಥಾನದ ಪ್ರಜೆಗಳಾಗಿದ್ದ ಕಾಲದಲ್ಲಿ, ೧೯೩೨ರ ಜೂನ್ ತಿಂಗಳಲ್ಲಿ ನಿಜಾಮರ ರೈಲ್ವೆಯು ಇಪ್ಪತ್ತೇಳು ಬಸ್ಸು, ನೂರ ಅರವತ್ತಾರು ನೌಕರರೊಂದಿಗೆ ರಸ್ತೆ ಸಾರಿಗೆ ವಿಭಾಗವನ್ನು ತೆರೆಯಿತು. ಸರ್ಕಾರವೇ ಬಸ್ಸು ನಡೆಸುವ ಪದ್ಧತಿ ಭಾರತದಲ್ಲಿ ಮೊದಲು ಬೇರೂರಿದ ಕಡೆಗಳಲ್ಲಿ ಆ ಸಂಸ್ಥಾನ ಒಂದು. ಗಮನಿಸಿರಿ, ಅದನ್ನು ನಡೆಸಿದ್ದು ರೈಲ್ವೆ ಇಲಾಖೆ. ರೈಲು ಮತ್ತು ಬಸ್ಸು ಒಂದೇ ಮನೆಯ ಅಣ್ಣತಮ್ಮಂದಿರೆಂಬ ತಿಳಿವಳಿಕೆ ಅಂದು ಇತ್ತು. ಅರಸೊತ್ತಿಗೆಗೆ ಇದ್ದ ಆ ತಿಳಿವಳಿಕೆ ಪ್ರಜಾಪ್ರಭುತ್ವದಲ್ಲಿ ಏಕೆ ಮಾಸಬೇಕು?

ಎರಡನೆಯ ಆಕ್ಷೇಪ: ‘ಎಲ್ಲಾ ಶಕ್ತಿ ಯೋಜನೆಯ ಪ್ರಭಾವ ಸರ್. ಹೆಂಗಸರಿಗೆ ಬಿಟ್ಟಿ ಮಾಡಿದ ಮೇಲೆ ಬಸ್ಸಿನಲ್ಲಿ ಜಾಗವೇ ಇಲ್ಲ.’ ಹೀಗೆ ಹೇಳಿದ ಬಂಧುವಿಗೆ ಕೇಳುತ್ತೇನೆ: ಇದೀಗ ಯಾರೂ ಹತ್ತುವುದಿಲ್ಲ ಎಂದಿರಿ, ಮರುಕ್ಷಣ ಜಾಗವಿಲ್ಲ ಎನ್ನುತ್ತೀರಿ. ಯಾವುದನ್ನು ನಂಬಲಿ? ೨೦೨೩ರ ಜೂನ್ ೧೧ರಂದು ಆರಂಭವಾದ ಆ ಯೋಜನೆಯಲ್ಲಿ ೨೦೨೫ರ ಜುಲೈ ಹೊತ್ತಿಗೆ ಐನೂರು ಕೋಟಿ ಪ್ರಯಾಣಗಳಾದವು. ಇದರಿಂದ ಸಿದ್ಧವಾಗುವುದು ಒಂದೇ: ಹೋಗಬೇಕೆಂಬ ಆಸೆ ಜನರಲ್ಲಿ, ಅದರಲ್ಲೂ ಹೆಣ್ಣುಮಕ್ಕಳಲ್ಲಿ, ಎಂದೂ ಕಡಿಮೆ ಇರಲಿಲ್ಲ. ಕೈಯಲ್ಲಿ ಕಾಸಿರಲಿಲ್ಲ, ಅಷ್ಟೇ. ಜನ ಹೆಚ್ಚಾದರೆ ಬಸ್ಸು ಹೆಚ್ಚಾಗಬೇಕು. ಅನ್ನಕ್ಕೆ ಬಂದವರು ಹೆಚ್ಚಾದರೆ ಅಡುಗೆ ಹೆಚ್ಚಿಸುವುದು ಗೃಹಸ್ಥನ ಲಕ್ಷಣ. ಉಣ್ಣುವವರನ್ನು ಹಳಿಯುವುದು ಜಿಪುಣನ ಲಕ್ಷಣ. ಇನ್ನು, ಉಚಿತ ಟಿಕೇಟಿಗೆ ಬೆಲೆ ಬರುವುದು ಬಸ್ಸು ಬಂದಾಗ. ಬಸ್ಸೇ ಬಾರದ ಹಳ್ಳಿಯ ಹೆಣ್ಣುಮಗಳಿಗೆ ಕೊಟ್ಟ ಉಚಿತ ಪ್ರಯಾಣ ಕನ್ನಡಿಯೊಳಗಿನ ಗಂಟು.

ಮೂರನೆಯದು: ‘ಡ್ರೈವರ್ ಕಂಡಕ್ಟರುಗಳಿಗೆ ಜವಾಬ್ದಾರಿ ಇಲ್ಲ.’ ನನ್ನ ಕೈಯಲ್ಲಿ ಓದಿದ ಕನಿಷ್ಠ ಆರು ಮಂದಿ ಇಂದು ಖಾಕಿ ತೊಟ್ಟಿದ್ದಾರೆ. ಅವರನ್ನು ಬಲ್ಲೆ. ಹಳೆಯ ಬಸ್ಸನ್ನು ಕೊಟ್ಟು, ತಗ್ಗಿನ ರಸ್ತೆಯಲ್ಲಿ ವೇಳೆ ತಪ್ಪಬಾರದೆಂದು ಹೇಳಿ, ಜಾತ್ರೆಗೋ ಸಮಾವೇಶಕ್ಕೋ ಅದೇ ಬಸ್ಸನ್ನು ಕಿತ್ತುಕೊಂಡು ಹೋದರೆ ಅವರೇನು ಮಾಡಿಯಾರು? ಗವಿಸಿದ್ಧೇಶ್ವರ ಜಾತ್ರೆಗೆ ಹೆಚ್ಚಿನ ಬಸ್ಸು ಬೇಕು, ನಿಜ. ಲಕ್ಷಾಂತರ ಜನ ಸೇರುವ ಜಾತ್ರೆ. ಆದರೆ ನಾಯಕರ ಭಾಷಣ ಕೇಳಿಸಲು ಹಳ್ಳಿಯ ಸುತ್ತನ್ನು ರದ್ದು ಮಾಡುವುದು ಯಾವ ನ್ಯಾಯ? ಯಾವ ಪಕ್ಷವೂ ಇದರಲ್ಲಿ ಹಿಂದೆ ಬಿದ್ದಿಲ್ಲ. ಬಿಸಿಲಲ್ಲಿ ನಮಗಾಗಿ ನಿಂತ ಆ ಕಂಡಕ್ಟರನನ್ನು ನೆನೆದು ಹೇಳುತ್ತೇನೆ, ತಪ್ಪನ್ನು ಕೆಳಗಿನ ಮೆಟ್ಟಿಲಿನವನ ಮೇಲೆ ಹಾಕಿ ಮೇಲಿನವನನ್ನು ಬಿಟ್ಟುಬಿಡುವುದು ನಮ್ಮ ಹಳೆಯ ದುರಭ್ಯಾಸ.

ನಾಲ್ಕನೆಯದು ಅತ್ಯಂತ ಅಪಾಯಕಾರಿ, ಏಕೆಂದರೆ ಅದು ಪ್ರೀತಿಯ ವೇಷದಲ್ಲಿ ಬರುತ್ತದೆ: ‘ನಮ್ಮ ಗಾಡಿ ಇದೆಯಲ್ಲ ಸರ್.’ ಇದೆ, ಸಂತೋಷ. ಈ ಊರಿನಲ್ಲಿ ಮಾತಿಗೆ ತೂಕವಿರುವವರು ಯಾರು? ವಕೀಲರು, ಗುತ್ತಿಗೆದಾರರು, ಪಂಚಾಯಿತಿ ಸದಸ್ಯರು, ಅಧಿಕಾರಿಗಳು, ಮೇಷ್ಟ್ರುಗಳು. ಮೂವತ್ತು ವರ್ಷಗಳ ಹಿಂದೆ ಇವರೆಲ್ಲ ಅದೇ ಬಸ್ಸಿನಲ್ಲಿ ಕುಳಿತಿರುತ್ತಿದ್ದರು. ಬಸ್ಸು ತಪ್ಪಿದರೆ ತಹಶೀಲ್ದಾರರ ಕಚೇರಿಯ ಗುಮಾಸ್ತನಿಗೂ ಅದರ ಬಿಸಿ ತಟ್ಟುತ್ತಿತ್ತು. ಮರುದಿನ ಡಿಪೋಗೆ ದೂರು ಹೋಗುತ್ತಿತ್ತು. ಒಬ್ಬೊಬ್ಬರಾಗಿ ಇವರೆಲ್ಲ ಇಳಿದು ಸ್ವಂತ ವಾಹನ ಹತ್ತಿದರು. ಬಸ್ಸಿನಲ್ಲಿ ಉಳಿದವರು ಅರ್ಜಿ ಬರೆಯಲಾರದವರು, ಬರೆದರೂ ಉತ್ತರ ಬಾರದವರು. ಬಸ್ಸು ಕೆಟ್ಟದ್ದು ಡೀಸೆಲ್ಲಿನ ಬೆಲೆಯಿಂದ ಮಾತ್ರವಲ್ಲ, ಗೊಣಗಬಲ್ಲವರೆಲ್ಲ ಇಳಿದುಹೋದದ್ದರಿಂದ. ನಾನು ಈ ಸಲ ಕಾರು ಕೇಳದೆ ಹೋದದ್ದು ಇದಕ್ಕಾಗಿಯೇ. ಗೊಣಗಲು ಬರುವವನೊಬ್ಬನಾದರೂ ಬಸ್ಸಿನಲ್ಲಿರಲಿ ಎಂದು.

ಇಷ್ಟರ ಮೇಲೂ ಇದೆಲ್ಲ ನಿವೃತ್ತ ಮನುಷ್ಯನೊಬ್ಬನ ಗುಡಿ ನೋಡುವ ಹವ್ಯಾಸದ ಪ್ರಶ್ನೆ ಎಂದು ಭಾವಿಸುವವರಿದ್ದರೆ, ಒಂದು ಸಂಗತಿ ಹೇಳುತ್ತೇನೆ. ಕೊಪ್ಪಳವಿನ್ನೂ ರಾಯಚೂರು ಜಿಲ್ಲೆಯಲ್ಲಿದ್ದ ಕಾಲ, ಅಂದರೆ ೧೯೯೭ಕ್ಕೆ ಮೊದಲು. ನಾನಿದ್ದ ಶಾಲೆಗೆ ಒಂಬತ್ತು ಕಿಲೋಮೀಟರ್ ದೂರದ ಹಳ್ಳಿಯಿಂದ ಇಬ್ಬರು ಹುಡುಗಿಯರು ಬರುತ್ತಿದ್ದರು. ಒಬ್ಬಳು ಗಣಿತದಲ್ಲಿ ತರಗತಿಗೆ ಮೊದಲಿಗಳು. ಜೂನ್‌ನಲ್ಲಿ ಐದೂವರೆಗಿದ್ದ ಸಂಜೆಯ ಬಸ್ಸು ಆಗಸ್ಟಿನಲ್ಲಿ ಏಳಕ್ಕೆ ಹೋಯಿತು. ಕತ್ತಲಾದ ಮೇಲೆ ಹೆಣ್ಣುಮಕ್ಕಳು ಕ್ರಾಸಿನಿಂದ ಊರೊಳಗೆ ನಡೆಯಬೇಕು. ದಸರೆ ರಜೆಯ ನಂತರ ಇಬ್ಬರೂ ಬರಲಿಲ್ಲ. ನಾನು ಹಳ್ಳಿಗೆ ಹೋಗಿ ಹಿರಿಯರೊಡನೆ ಮಾತಾಡಿದೆ, ಬಸ್ಸಿನವರೊಡನೆ ಮಾತಾಡಿದೆ. ಹಿರಿಯರು ‘ಬಸ್ಸು ಹೊಳ್ಳಿ ಹಗಲಿಗೆ ಬಂದ್ರ ಕಳಿಸ್ತೀವ್ರಿ’ ಎಂದರು. ಬಸ್ಸು ಹಗಲಿಗೆ ಬರಲಿಲ್ಲ. ಹಾಜರಿ ಪುಸ್ತಕದಲ್ಲಿ ಆ ಎರಡು ಹೆಸರುಗಳ ಮೇಲೆ ಕೆಂಪು ಗೆರೆ ಎಳೆದವನು ನಾನೇ. ನಿಯಮದ ಪ್ರಕಾರ ಎಳೆಯಲೇಬೇಕಿತ್ತು. ಒಂದೂವರೆ ತಾಸಿನ ವೇಳಾಪಟ್ಟಿಯ ಬದಲಾವಣೆ ಎರಡು ಬದುಕುಗಳ ದಿಕ್ಕನ್ನು ಬದಲಿಸಿತು. ೨೦೦೬–೦೭ರಲ್ಲಿ ಎಂಟನೆಯ ತರಗತಿಯವರಿಗೆ ಸರ್ಕಾರ ಸೈಕಲ್ ಕೊಟ್ಟಾಗ ಎಷ್ಟು ಹುಡುಗಿಯರು ಶಾಲೆಯಲ್ಲಿ ಉಳಿದರೆಂದು ಕಣ್ಣಾರೆ ಕಂಡೆ. ಕೋವಿಡ್ ವರ್ಷಗಳಲ್ಲಿ ಅದೂ ನಿಂತಿತು.

ಆದ್ದರಿಂದ ತಿಳಿಯಿರಿ: ಇಟಗಿಗೆ ಹೋಗುವ ಬಸ್ಸು ಮತ್ತು ಇಟಗಿಯಿಂದ ಹೈಸ್ಕೂಲಿಗೆ, ಆಸ್ಪತ್ರೆಗೆ, ಸಂತೆಗೆ ಬರುವ ಬಸ್ಸು ಬೇರೆ ಬೇರೆಯಲ್ಲ. ಒಂದೇ ಬಸ್ಸು, ಹೋಗುವಾಗ ಒಂದು ಹೆಸರು, ಬರುವಾಗ ಇನ್ನೊಂದು. ಹಳ್ಳಿಯವರಿಗಾಗಿ ಮಾತ್ರ ಓಡಿಸಿದರೆ ನಷ್ಟ, ಪ್ರವಾಸಿಗಳಿಗಾಗಿ ಮಾತ್ರ ಓಡಿಸಿದರೂ ನಷ್ಟ. ಇಬ್ಬರನ್ನೂ ಕೂಡಿಸಿ ಲೆಕ್ಕ ಹಾಕುವ ಬುದ್ಧಿ ಬೇಕು.

ಹಾಗೆ ಕೂಡಿಸಿ ಲೆಕ್ಕ ಹಾಕಿದವರು ಜಗತ್ತಿನಲ್ಲಿ ಇಲ್ಲದೆ ಇಲ್ಲ. ಸ್ವಿಟ್ಜರ್ಲೆಂಡ್ ೧೯೮೨ರಲ್ಲಿ ಇಡೀ ದೇಶದ ರೈಲುಗಳನ್ನು ಪ್ರತಿ ಗಂಟೆಯ ಅದೇ ನಿಮಿಷಕ್ಕೆ ಹೊರಡುವಂತೆ ಜೋಡಿಸಿತು. ರೈಲು ಇಳಿದವನಿಗೆ ನಿಲ್ದಾಣದ ಹೊರಗೆ ಬೆಟ್ಟದ ಹಳ್ಳಿಗೆ ಹೋಗುವ ಹಳದಿ ಬಣ್ಣದ ಅಂಚೆ ಬಸ್ಸು ಕಾದಿರುತ್ತದೆ. ಶಾಲೆಯ ಮಗು, ಹಾಲಿನ ರೈತ, ಪ್ರವಾಸಿ ಎಲ್ಲರೂ ಒಂದೇ ಬಸ್ಸಿನಲ್ಲಿ. ಅವರ ಸಿರಿವಂತಿಕೆ ನಮಗಿಲ್ಲ ಎನ್ನುವಿರಿ. ಒಪ್ಪಿದೆ. ಆದರೆ ಒಂದು ವಾಹನದ ವೇಳೆಯನ್ನು ಇನ್ನೊಂದರ ವೇಳೆಗೆ ಹೊಂದಿಸಲು ಸಿರಿವಂತಿಕೆ ಬೇಡ, ಒಂದು ಹಾಳೆ, ಒಂದು ಪೆನ್ಸಿಲು ಸಾಕು.

ಆ ಹಾಳೆಯನ್ನು ತೆಗೆಯಲು ಇದಕ್ಕಿಂತ ಒಳ್ಳೆಯ ಸಮಯವಿಲ್ಲ. ಗಿಣಿಗೇರಾದಿಂದ ಮೆಹಬೂಬನಗರದ ಕಡೆಗೆ ೧೯೯೭–೯೮ರಲ್ಲಿ ಮಂಜೂರಾದ ಮಾರ್ಗದಲ್ಲಿ ಗಂಗಾವತಿಗೆ ರೈಲು ಬರಲು ೨೦೧೯ ಆಗಬೇಕಾಯಿತು. ಗದಗ–ವಾಡಿ ಮಾರ್ಗದಲ್ಲಿ ತಳಕಲ್ಲಿನಿಂದ ಕುಕನೂರು, ಯಲಬುರ್ಗಾ ದಾಟಿ ಕುಷ್ಟಗಿಗೆ ೨೦೨೫ರ ಮೇ ತಿಂಗಳಲ್ಲಿ ರೈಲು ಬಂತು. ಕುಷ್ಟಗಿಯ ಜನ ಆ ದಿನ ರೈಲಿಗೆ ಹೂವು ಹಾಕಿ ಕಾಯಿ ಒಡೆದದ್ದರಲ್ಲಿ ಆಶ್ಚರ್ಯವಿಲ್ಲ, ಅಜ್ಜಂದಿರ ಕಾಲದಿಂದ ಕಾದ ರೈಲದು. ಹುಬ್ಬಳ್ಳಿಯಿಂದ ಹೊರಟವನು ಕುಕನೂರಿನಲ್ಲಿ ಇಳಿದರೆ ಇಟಗಿ ಏಳೆಂಟು ಕಿಲೋಮೀಟರ್. ಹಳಿ, ಸೇತುವೆ, ಭೂಸ್ವಾಧೀನಗಳನ್ನು ದಾಟಿ ಬಂದ ನಾಡು ಈ ಏಳೆಂಟು ಕಿಲೋಮೀಟರಿನಲ್ಲಿ ಮುಗ್ಗರಿಸಬೇಕೇ?

ದೊಡ್ಡ ಕಾಮಗಾರಿಯೇ ಬೇಕೆಂಬ ಹಟದ ಫಲವನ್ನೂ ನಾವು ಉಂಡಿದ್ದೇವೆ. ಆನೆಗೊಂದಿಯಲ್ಲಿ ತುಂಗಭದ್ರೆಗೆ ಸೇತುವೆ ಕಟ್ಟತೊಡಗಿ, ೧೯೯೯ರಲ್ಲಿ ಹಂಪಿ ಅಪಾಯದಲ್ಲಿರುವ ತಾಣಗಳ ಪಟ್ಟಿ ಸೇರಿತು. ಅರ್ಧಕ್ಕೆ ನಿಂತ ಆ ಸೇತುವೆ ೨೦೦೯ರ ಜನವರಿ ೨೨ರಂದು ಕುಸಿದು ಕಾರ್ಮಿಕರು ಪ್ರಾಣ ಕಳೆದುಕೊಂಡರು. ೧೫೨೦ರ ಸುಮಾರಿಗೆ ಬಂದ ಪೋರ್ಚುಗೀಸ ಪಯಣಿಗ ಡ್ಯೊಮಿಂಗೊ ಪಾಯೆಸ್ ಆನೆಗೊಂದಿಯ ಕಡವಿನಲ್ಲಿ ಬುಟ್ಟಿಯಂಥ ದುಂಡನೆಯ ಹರಿಗೋಲುಗಳನ್ನು ಕಂಡು ಬೆರಗಾಗಿ ಬರೆದಿದ್ದಾನೆ. ಜನ ಹದಿನೈದಿಪ್ಪತ್ತು, ಜೊತೆಗೆ ಕುದುರೆ, ಎತ್ತುಗಳೂ ದಾಟುತ್ತಿದ್ದುವಂತೆ. ಸರಳ ಸಾಧನ, ಆದರೆ ಕರೆದಾಗ ಬರುತ್ತಿತ್ತು. ಸಾರಿಗೆಯ ಘನತೆ ಇರುವುದು ಅಲ್ಲಿಯೇ.

ನನ್ನ ಬೇಡಿಕೆಗಳು ನಾಲ್ಕೇ. ಒಂದು, ಪ್ರತಿ ಕ್ರಾಸಿನಲ್ಲಿ, ಪ್ರತಿ ಗುಡಿಯ ಬಾಗಿಲಲ್ಲಿ ನಿಜವಾದ ವೇಳಾಪಟ್ಟಿ ಕನ್ನಡದಲ್ಲಿ ಇರಲಿ, ಕೊನೆಯ ಬಸ್ಸಿನ ವೇಳೆ ದೊಡ್ಡಕ್ಷರದಲ್ಲಿರಲಿ. ಎರಡು, ಕುಕನೂರಿನ ರೈಲಿಗೆ ಹೊಂದುವಂತೆ ಕುಕನೂರು–ಇಟಗಿ ನಡುವೆ ಒಂದು ಬಸ್ಸು ಓಡಲಿ, ರವಿವಾರವೂ ಓಡಲಿ. ಮೂರು, ಸುತ್ತು ರದ್ದಾದರೆ ಹಿಂದಿನ ಸಂಜೆಯೇ ಗ್ರಾಮ ಪಂಚಾಯಿತಿಗೆ ತಿಳಿಸಲಿ. ಎಲ್ಲರ ಕೈಯಲ್ಲೂ ಮೊಬೈಲ್ ಇರುವಾಗ ಇದಕ್ಕೆ ಕಾಸು ಖರ್ಚಿಲ್ಲ. ನಾಲ್ಕು, ಶಾಲಾ ವೇಳೆಯ ಸುತ್ತುಗಳನ್ನು ಯಾವ ಸಮಾವೇಶಕ್ಕೂ ತೆಗೆಯಬಾರದು. ನೂರು ಕೋಟಿಯ ಮಾತಿನ ಮುಂದೆ ಇವು ಚಿಲ್ಲರೆ ಕಾಸು.

ನೀವು ಮಾಡಬಹುದಾದದ್ದು ಏನು? ವಕೀಲನಾಗಿರುವವನೇ, ಹತ್ತು ರೂಪಾಯಿ ಶುಲ್ಕ ಕಟ್ಟಿ ೨೦೦೫ರ ಮಾಹಿತಿ ಹಕ್ಕು ಕಾಯಿದೆಯಡಿ ಒಂದು ವರ್ಷದಲ್ಲಿ ನಿಗದಿಯಾದ ಸುತ್ತುಗಳೆಷ್ಟು, ಓಡಿದವೆಷ್ಟು ಎಂದು ಕೇಳು. ಮೂವತ್ತು ದಿನಗಳಲ್ಲಿ ಉತ್ತರ ಕೊಡಬೇಕು. ಪಂಚಾಯಿತಿಯಲ್ಲಿರುವವಳೇ, ಮುಂದಿನ ಗ್ರಾಮಸಭೆಯಲ್ಲಿ ಇದನ್ನು ಠರಾವು ಮಾಡಿಸು. ಮೇಷ್ಟ್ರಾಗಿರುವವರೇ, ಈ ವರ್ಷದ ಪ್ರವಾಸಕ್ಕೆ ಮೊದಲು ಮಕ್ಕಳನ್ನು ಹತ್ತಿರದ ಶಾಸನದ ಬಳಿ ಕರೆದೊಯ್ಯಿರಿ. ಹೊರದೇಶದಿಂದ ರಜೆಗೆ ಬರುವ ಬಂಧುಗಳೇ, ವಿಮಾನ ನಿಲ್ದಾಣದಿಂದ ಮನೆಬಾಗಿಲವರೆಗೆ ಕಾರು ಮಾಡಿಕೊಳ್ಳಿರಿ, ಬೇಡವೆನ್ನುವುದಿಲ್ಲ. ಆದರೆ ಒಂದು ದಿನ, ಒಂದೇ ದಿನ, ನಿಮ್ಮ ಮಕ್ಕಳೊಡನೆ ಊರ ಬಸ್ಸು ಹತ್ತಿರಿ. ಬಸ್ಸು ಬಾರದಿದ್ದರೆ ಲಿಖಿತ ದೂರು ಕೊಟ್ಟು, ಸ್ವೀಕೃತಿ ಪಡೆದು ಬನ್ನಿರಿ.

ಜಿಲ್ಲಾಡಳಿತಕ್ಕೆ ಕೊಡುವ ಮನವಿಯ ಕರಡನ್ನು ಬರೆದಿಟ್ಟಿದ್ದೇನೆ, ಎರಡು ಪುಟ. ಓದಿ, ತಪ್ಪಿದ್ದರೆ ತಿದ್ದಿ, ಸಹಿ ಮಾಡಲು ಮನೆಗೆ ಬನ್ನಿರಿ, ಚಹಾ ಇರುತ್ತದೆ. ಬರಲಾಗದವರು ಅಂಚೆಯಲ್ಲಿ ತರಿಸಿಕೊಳ್ಳಿರಿ. ಮೊಬೈಲಿನಲ್ಲಿ ಹೆಬ್ಬೆರಳಿನ ಚಿತ್ರ ಕಳಿಸಿ ಒಪ್ಪಿಗೆ ಸೂಚಿಸಬೇಡಿ. ಹೆಬ್ಬೆಟ್ಟು ಒತ್ತದಿರಲೆಂದೇ ನಿಮಗೆ ಅಕ್ಷರ ಕಲಿಸಿದ್ದು. ಪೂರ್ತಿ ಹೆಸರು, ಊರು, ದಿನಾಂಕದೊಡನೆ ಸಹಿ ಬೇಕು.